ಸಿದ್ದೇಶ್ವರಿಯ ಬಾಯಲ್ಲಿದ್ದ ಕಂಡಿಕೆ

ಉಚ್ಚಂಗೆಮ್ಮನ ಮೇಲ್ಸಾಲಿನ ಮುಂಭಾಗದ ಒಂದು ಹಲ್ಲಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಇದೆ. ಅದು ಬಿದ್ದು ಆದದ್ದಲ್ಲ, ಹುಳುಕೂ ಅಲ್ಲ. ಐವತ್ತು ವರ್ಷ ರೇಷ್ಮೆ ಎಳೆ ಒಂದೇ ಕಡೆ ಹಾದು ಹಾದು ಹಲ್ಲನ್ನು ಸವೆಸಿದೆ.

ರಾಯದುರ್ಗದ ಕಡೆಯ ಹಳ್ಳಿಯಿಂದ ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಕನ್ನಡ ಅರ್ಧ, ತೆಲುಗು ಪೂರ್ತಿ. ಅತ್ತೆ ಮಾತಿಗಿಂತ ಮೊದಲು ಕಲಿಸಿದ್ದು ಕಂಡಿಕೆ ಸುತ್ತುವುದನ್ನು. ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ರಾಟೆಯಲ್ಲಿ ಅದಕ್ಕೆ ನೂಲು ಸುತ್ತಿಕೊಡದಿದ್ದರೆ ಮಗ್ಗ ನಿಂತುಬಿಡುತ್ತದೆ. ಬಲಗೈ ರಾಟೆಗೆ ಬೇಕು, ಎಡಗೈ ನೂಲಿಗೆ ಬೇಕು. ಎಳೆ ಹರಿದರೆ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಹಲ್ಲಲ್ಲಿ ಹಿಡಿಯಬೇಕು. ಮುಂದಿನ ಖಾಲಿ ಕಂಡಿಕೆಯನ್ನೂ ಬಾಯಲ್ಲೇ ಕಚ್ಚಿಕೊಂಡಿರಬೇಕು. ಬಾಯಿ ಅವಳಿಗೆ ಮೂರನೆಯ ಕೈಯಾಗಿತ್ತು.

ಆ ಮನೆಯ ಮಕ್ಕಳೆಲ್ಲ ಬೆಳೆದದ್ದು ರಾಟೆಯ ಪಕ್ಕದಲ್ಲೇ. ಹಲ್ಲು ಮೂಡುವಾಗ ಅತ್ತರೆ ಒಂದು ಖಾಲಿ ಕಂಡಿಕೆ ತೊಳೆದು ಕೈಗೆ ಕೊಡುವುದು ರೂಢಿ. ಮಗ ಚಂದ್ರಶೇಖರನೂ ಹಾಗೇ ಕಚ್ಚುತ್ತ ಬೆಳೆದು, ಎರಡು ತುಂಬುವ ಹೊತ್ತಿಗೆ ತಾನಾಗಿ ಎಸೆದಿದ್ದ. ಅವನ ಮಗಳು ಸಿದ್ದೇಶ್ವರಿ ಎಸೆಯಲಿಲ್ಲ. ನಡೆಯುವುದು ಕಲಿತಳು, ಮಾತು ಕಲಿತಳು, ಶಾಲೆಗೂ ಸೇರಿದಳು. ಸಂಜೆ ಬಂದು ಹಜಾರದಲ್ಲಿ ಅಜ್ಜಿಯ ತೊಡೆಗೆ ಒರಗಿ ಕೂತರೆ ಕಂಡಿಕೆ ಬಾಯಿಗೆ ಹೋಗುತ್ತಿತ್ತು. ರಾಟೆಯ ಗುಯ್ ಎನ್ನುವ ಸದ್ದಿಗೆ ಅದನ್ನು ಚೀಪುತ್ತ ಎಲ್ಲೋ ನೋಡುತ್ತಿದ್ದಳು. ತಾಯಿ ಪುಷ್ಪಲತಾ ಒಳಕೋಣೆಯ ಗುಂಡಿಮಗ್ಗದಲ್ಲಿ ಇರುತ್ತಿದ್ದಳು. ಗುಂಡಿಯಲ್ಲಿ ಕಾಲಿಳಿಸಿ ಕೂತವಳಿಗೆ ಎದುರಿಗೆ ಹರಡಿದ ಹಾಸಿನ ಎಳೆಗಳನ್ನು ಬಿಟ್ಟರೆ ಮತ್ತೇನೂ ಕಾಣದು. ಅವಳ ಹೆಜ್ಜೆ ಸದ್ದಾದರೆ ಉಚ್ಚಂಗೆಮ್ಮ ತವರಿನ ತೆಲುಗು ಬೆರೆಸಿ ಮೆಲ್ಲಗೆ, "ತಲ್ಲೀ, ತೆಗಿ, ನಿಮ್ಮವ್ವ ಬಂದ್ಲು" ಎನ್ನುತ್ತಿದ್ದಳು. ಮಗು ತೆಗೆಯುತ್ತಿತ್ತು. ಹಾಲುಹಲ್ಲು ತಾನೇ, ಬಿದ್ದು ಹೊಸವು ಬಂದರೆ ಸರಿಹೋಗುತ್ತದೆ ಎಂದು ಅಜ್ಜಿ ನಂಬಿದ್ದಳು.

ಹೊಸ ಹಲ್ಲುಗಳು ಬಂದವು. ಎಂಟು ತುಂಬಿದ ಹುಡುಗಿ ದವಡೆ ಕಚ್ಚಿದರೆ ಹಿಂದಿನ ಹಲ್ಲುಗಳು ಕೂಡುತ್ತಿದ್ದವು, ಮುಂದಿನವು ಕೂಡುತ್ತಿರಲಿಲ್ಲ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ದುಂಡಗಿನ ಬಾಗಿಲು ತೆರೆದೇ ಇರುತ್ತಿತ್ತು. ಉಗುಳು ನುಂಗುವಾಗಲೂ ಮಾತಾಡುವಾಗಲೂ ನಾಲಗೆ ಅಲ್ಲಿ ಇಣುಕುತ್ತಿತ್ತು. ರೊಟ್ಟಿಯನ್ನು ಪಕ್ಕದ ಹಲ್ಲಲ್ಲಿ ಹರಿದು ತಿನ್ನುತ್ತಿದ್ದಳು. ತರಗತಿಯಲ್ಲಿ ಮಕ್ಕಳು "ಕಿಟಕಿ" ಎಂದು ಕರೆಯತೊಡಗಿದ ಮೇಲೆ ಅವಳು ಪಾಠ ಓದಲು ಏಳುವುದನ್ನು ಬಿಟ್ಟಳು. ನಗುವಾಗ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು. ಆಮೇಲೆ ನಗುವುದೂ ಕಡಿಮೆಯಾಯಿತು.

ಬೆರಳು ಚೀಪಿದರೆ ಹೀಗಾಗುತ್ತದೆ ಎಂದು ಯಾರೋ ಪುಷ್ಪಲತಾಗೆ ಹೇಳಿದರು. ಅವಳು ದಿನಾ ಬೆಳಿಗ್ಗೆ ಮಗಳ ಎರಡೂ ಹೆಬ್ಬೆರಳಿಗೆ ಬೇವಿನೆಣ್ಣೆ ಸವರಿದಳು. ಅದು ಸಾಲದೆಂದು ಮೆಣಸಿನಕಾಯಿ ಅರೆದು ಹಚ್ಚಿದಳು. ಮಗು ಮರೆತು ಕಣ್ಣುಜ್ಜಿಕೊಂಡು ಅತ್ತಿತು. "ನಾನು ಬೆರಳು ಚೀಪಲ್ಲವ್ವ" ಎಂದು ಒಂದೇ ಸಲ ಹೇಳಿತು. ಕಂಡಿಕೆಯ ಮಾತು ಎತ್ತಲಿಲ್ಲ. ಮೂರು ವಾರ ಉಚ್ಚಂಗೆಮ್ಮ ಅದೇ ಹಜಾರದಲ್ಲಿ ರಾಟೆ ತಿರುಗಿಸುತ್ತ ಕೂತಿದ್ದಳು. ಹೇಳಬೇಕೆಂದು ಬಾಯಿ ತೆರೆಯುವಳು, ಸೊಸೆಯ ಮುಖ ನೋಡುವಳು, ಹರಿಯದ ಎಳೆಯನ್ನು ಹಲ್ಲಲ್ಲಿ ಹಿಡಿಯುವಳು.

ಕೊನೆಗೆ ಚಳ್ಳಕೆರೆಯ ಹಲ್ಲಿನ ಡಾಕ್ಟರ ಬಳಿಗೆ ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಹೊರಟರು. ಡಾಕ್ಟರ್ ಮುಸರತ್ ಆ ಊರಿನ ಮೆಕ್ಯಾನಿಕ್ ಒಬ್ಬರ ಮಗಳು. ಓದು ಮುಗಿಸಿ ಬಂದು ಎಣ್ಣೆ ಮಿಲ್ಲುಗಳ ಬೀದಿಯಲ್ಲೇ ಕ್ಲಿನಿಕ್ ತೆರೆದಿದ್ದರು.

"ಕೈ ತೆಗಿಯಮ್ಮ" ಎಂದರು ಸಿದ್ದೇಶ್ವರಿಗೆ. "ಇಲ್ಲಿಗೆ ಬರೋರೆಲ್ಲ ಬಾಯಿ ತೋರ್ಸೋಕೇ ಬರೋದು. ಮುಚ್ಕೊಂಡು ಕೂತ್ರೆ ನಾನು ಅಂಗಡಿ ಮುಚ್ಚಬೇಕಾಗ್ತೈತೆ."

ಹುಡುಗಿ ಕೈ ಇಳಿಸಿದಳು. ಡಾಕ್ಟರು ಹಲ್ಲು ನೋಡಿದರು. ಆಮೇಲೆ ಹೆಬ್ಬೆರಳುಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಬೆರಳಿಗೆ ಏನು ಹಚ್ತಿದೀರಿ?"

"ಖಾರ ಮೇಡಂ. ಚೀಪೋದು ಬಿಡ್ಲಿ ಅಂತ."

"ಈ ಬೆರಳಲ್ಲ ಕಣ್ರೀ. ಚೀಪೋ ಮಕ್ಕಳ ಬೆರಳು ನೀರಲ್ಲಿ ನೆನೆದಂಗೆ ಬೆಳ್ಳಗಿರ್ತೈತೆ, ಚರ್ಮ ದಪ್ಪಗಾಗಿರ್ತೈತೆ. ಇದು ಸುಟ್ಟು ಕೆಂಪಾಗೈತೆ ಅಷ್ಟೇ. ಮೇಲಾಗಿ ಹಲ್ಲಿನ ಸಂದು ನೋಡ್ರಿ, ಗುಂಡಗೆ, ಎಡಕ್ಕೆ ವಾಲೈತೆ. ಕೊಳವೆ ಥರದ್ದು ಏನೋ ದಿನಾ ಗಂಟೆಗಟ್ಲೆ ಅಲ್ಲಿ ಕೂತಿರ್ಬೇಕು."

"ಅಂಥದ್ದೇನೂ ಇಲ್ಲ ಮೇಡಂ" ಎಂದಳು ಪುಷ್ಪಲತಾ.

ಸಿದ್ದೇಶ್ವರಿ ನೆಲ ನೋಡುತ್ತಿದ್ದಳು. ಅಜ್ಜಿಯ ಕಡೆ ತಿರುಗದೆ ಇರಲು ಅವಳು ಪಡುತ್ತಿದ್ದ ಕಷ್ಟ ಉಚ್ಚಂಗೆಮ್ಮನಿಗೆ ಕಂಡಿತು. ಎಂಟು ವರ್ಷದ ಮಗು ತನ್ನನ್ನು ಕಾಪಾಡುತ್ತಿದೆ. ಅಜ್ಜಿ ಎದ್ದು ಸೊಂಟದ ಗಂಟು ಬಿಚ್ಚಿ, ಅಲ್ಲಿದ್ದದ್ದನ್ನು ತೆಗೆದು ಮೇಜಿನ ಮೇಲಿಟ್ಟಳು. ಖಾಲಿ ಕಂಡಿಕೆ. ಬೆಳಿಗ್ಗೆ ಬಸ್ಸಿನಲ್ಲಿ ಮಗು ಹಟ ಮಾಡಿದಾಗ ಸೆರಗಿನ ಮರೆಯಲ್ಲಿ ಕೊಟ್ಟದ್ದು ಅದೇ. ಅದರ ತುದಿ ಇನ್ನೂ ಹಸಿಯಾಗಿತ್ತು.

"ಇದು" ಎಂದಳು. "ನಾನೇ ಕೊಟ್ಟಿದ್ದು. ಕೂಸಿದ್ದಾಗಿಂದ ಕೊಡ್ತಿದೀನಿ."

ಡಾಕ್ಟರು ಅದನ್ನು ತೊಳೆದು ಹಲ್ಲುಗಳ ನಡುವೆ ಹಿಡಿದರು. ಅಲ್ಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಅವರು ಬೈಯಲಿಲ್ಲ. ಮಕ್ಕಳ ದವಡೆ ಎಲುಬು ಇನ್ನೂ ಎಳೆಯದು, ದಾರಿಯಲ್ಲಿ ಏನಾದರೂ ನಿಂತರೆ ಹಲ್ಲು ಅದನ್ನು ಸುತ್ತಿಕೊಂಡು ಬೆಳೆಯುತ್ತದೆ ಎಂದರು. ಈ ವಯಸ್ಸಿನಲ್ಲಿ ಅಡ್ಡ ಇದ್ದದ್ದನ್ನು ತೆಗೆದರೆ ಎಷ್ಟೋ ಸಲ ಸಂದು ತಾನಾಗಿ ಕಿರಿದಾಗುತ್ತದೆ. ಆದರೆ ನಾಲಗೆ ಆ ಬಾಗಿಲಿಗೆ ಬರುವುದನ್ನು ಕಲಿತುಬಿಟ್ಟಿದೆ, ಅದಕ್ಕೂ ಬೇರೆ ದಾರಿ ಕಲಿಸಬೇಕು. ಮೇಲಿನ ಹಲ್ಲಿನ ಹಿಂದಿರುವ ಉಬ್ಬಿಗೆ ನಾಲಗೆಯ ತುದಿ ತಾಗಿಸಿ, ದವಡೆ ಕೂಡಿಸಿ ನುಂಗುವುದನ್ನು ತೋರಿಸಿಕೊಟ್ಟರು; ಊಟವಾದ ಮೇಲೆ ಹತ್ತು ಸಲ ಮಾಡಬೇಕು. ಮೂರು ತಿಂಗಳಾದರೂ ಅದು ಸಾಲದಿದ್ದರೆ ಮೇಲಿನ ಹಲ್ಲಿನ ಹಿಂದೆ ತಂತಿಯ ತಡೆ ಕೂರಿಸುವುದು.

"ಖಾರ ಬೇಡ, ಬೈಗುಳ ಬೇಡ. ಇನ್ನೊಂದು ಮಾತು, ಮನೇಲಿ ಯಾರೂ ಇದನ್ನ ಬಾಯಲ್ಲಿ ಇಟ್ಕೋಬಾರ್ದು. ಮಕ್ಕಳು ನಾವು ಹೇಳಿದ್ದು ಕೇಳಲ್ಲ, ಮಾಡಿದ್ದು ಮಾಡ್ತಾವೆ." ಹಾಗೆನ್ನುವಾಗ ಅವರ ಕಣ್ಣು ಉಚ್ಚಂಗೆಮ್ಮನ ಹಲ್ಲಿನ ಕಚ್ಚಿನ ಮೇಲಿತ್ತು.

ವಾಪಸು ಬರುವಾಗ ಪುಷ್ಪಲತಾ ಮಗಳನ್ನು ಕರೆದುಕೊಂಡು ಬಸ್ಸಿನ ಮುಂದಿನ ಸೀಟಿಗೆ ಹೋದಳು. ಮನೆಯ ಬಾಗಿಲಲ್ಲಿ ಮಾತ್ರ ನಿಂತು ಹೇಳಿದಳು:

"ಮೂರು ವಾರ ನನ್ನ ಕೈಯಾರೆ ನನ್ನ ಮಗಳ ಬೆರಳು ಸುಟ್ಟೆ ಅತ್ತೆ. ನೀವು ನೋಡ್ಕೊಂಡು ಕೂತಿದ್ರಿ."

ಮಾರನೆಯ ದಿನದಿಂದ ಸಿದ್ದೇಶ್ವರಿಯ ಪುಸ್ತಕ, ತಟ್ಟೆ, ಹಾಸಿಗೆ ಎಲ್ಲವೂ ಮಗ್ಗದ ಕೋಣೆ ಸೇರಿದವು. ರಾಟೆಯಿದ್ದ ಹಜಾರಕ್ಕೆ ಬರಕೂಡದೆಂದು ತಾಯಿಯ ಕಟ್ಟಪ್ಪಣೆ.

ಉಚ್ಚಂಗೆಮ್ಮ ಅರವತ್ತಾರನೇ ವಯಸ್ಸಿನಲ್ಲಿ ಕೆಲಸವನ್ನು ಮೊದಲಿನಿಂದ ಕಲಿಯಲು ಕೂತಳು. ಖಾಲಿ ಕಂಡಿಕೆಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿಟ್ಟಳು. ಎಳೆಯ ತುದಿ ಹಿಡಿಯಲು ರಾಟೆಯ ಮರಕ್ಕೆ ಸೀಳಿದ ಕಡ್ಡಿಯೊಂದನ್ನು ಕಟ್ಟಿದಳು. ಬಟ್ಟಲಲ್ಲಿ ನೀರಿಟ್ಟುಕೊಂಡು ಬೆರಳು ಅದ್ದಿ ಎಳೆ ಕೂಡಿಸಿದಳು. ಬೆರಳುಗಳು ತಡವರಿಸಿದವು. ಮೊದಲು ಇಪ್ಪತ್ತು ಕಂಡಿಕೆ ಆಗುತ್ತಿದ್ದ ಹೊತ್ತಿಗೆ ಹನ್ನೆರಡೂ ಆಗುತ್ತಿರಲಿಲ್ಲ.

"ಏನವ್ವ, ಲಾಳಿ ಬಾಯಿ ಬಿಟ್ಕೊಂಡು ಕೂತೈತೆ ಅಲ್ಲಿ" ಎಂದು ಚಂದ್ರಶೇಖರ ತನ್ನ ಮಗ್ಗದಿಂದ ಕೂಗಿದ.

"ಬಿಟ್ಕೊಂಡಿರ್ಲಿ ಬಿಡಲೇ. ನನ್ನ ಬಾಯಿ ಮುಚ್ಚಿದ್ರೆ ಸಾಕಾಗೈತೆ."

ಮುಚ್ಚುವುದು ಸುಲಭವಿರಲಿಲ್ಲ. ಬುದ್ಧಿ ಬೇಡವೆಂದರೂ ಕೈ ಹಳೆಯ ದಾರಿ ಹಿಡಿಯುತ್ತಿತ್ತು. ಒಂದು ಸಂಜೆ ಹೊಸಿಲಿನ ಆಚೆಯಿಂದ ಸಣ್ಣ ದನಿ ಬಂತು: "ಅಜ್ಜೀ, ಬಾಯಿ!" ನೋಡಿದರೆ ಕಂಡಿಕೆ ಅವಳ ತುಟಿಗಳ ನಡುವೆ ಇತ್ತು. ಯಾವಾಗ ಬಂತೋ ತಿಳಿಯದು. ಅವಳು ತಪ್ಪು ಮಾಡಿದ ಮಗುವಿನ ಹಾಗೆ ಅದನ್ನು ತೆಗೆದಳು.

ಅಲ್ಲಿಂದ ಇಬ್ಬರೂ ಒಬ್ಬರಿಗೊಬ್ಬರು ಕಾವಲಾದರು. ಹುಡುಗಿ ಹೊಸಿಲು ದಾಟುತ್ತಿರಲಿಲ್ಲ. ಆಚೆ ಕೂತು ಬರೆಯುತ್ತ ಅಜ್ಜಿಯ ಮೇಲೊಂದು ಕಣ್ಣಿಟ್ಟಿರುತ್ತಿದ್ದಳು. ಅವಳು ಮರೆತು ಪೆನ್ಸಿಲನ್ನು ಹಲ್ಲಿಗೆ ಒಯ್ದರೆ ಈ ಕಡೆಯಿಂದ ಅಜ್ಜಿ, "ತಲ್ಲೀ, ಬಾಯಿ" ಎನ್ನುವಳು.

"ನಂಗೆ ಬಾಯೊಳಗೆ ಏನೋ ಕಳ್ಕೊಂಡಂಗಾಗ್ತೈತಜ್ಜಿ" ಎಂದಳು ಒಂದು ದಿನ.

"ನಂಗೂ ಹಂಗೇ ಆಗ್ತೈತೆ. ತಡ್ಕೋ. ಇಬ್ರೂ ತಡ್ಕೊಳ್ಳಾನ."

ಒಳಗೆ ಪುಷ್ಪಲತಾಳ ಮಗ್ಗದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮೂರು ತಿಂಗಳಿಗೆ ತಾಯಿ ಮಗಳು ಇಬ್ಬರೇ ಹೋಗಿ ಬಂದರು. ಸಂದು ಕಿರಿದಾಗಿತ್ತು, ಪೂರ್ತಿ ಕೂಡಿರಲಿಲ್ಲ. ನಾಲಗೆ ಇನ್ನೂ ಮುಂದೆ ನೂಕುತ್ತಿದೆ, ತಂತಿಯ ತಡೆ ಹಾಕಲೇಬೇಕು, ಆರು ತಿಂಗಳಾದರೂ ಇರಬೇಕು ಎಂದಿದ್ದರು ಡಾಕ್ಟರು. ಹಾಕುವ ದಿನ ನಿಗದಿಯಾಯಿತು. ಅದರ ಹಿಂದಿನ ಸಂಜೆ ಪುಷ್ಪಲತಾ ಹಜಾರಕ್ಕೆ ಬಂದಳು, ಗೋಡೆಗೆ ಒರಗಿದಳು.

"ನಾಳೆ ನೀವೇ ಕರ್ಕೊಂಡು ಹೋಗ್ರಿ ಅತ್ತೆ."

"ನಾನಾ?"

"ಮಗ್ಗದ ಮೇಲೆ ಸೀರೆ ಐತೆ."

ಮಗ್ಗದ ಮೇಲೆ ಸೀರೆ ಯಾವತ್ತೂ ಇರುತ್ತದೆ. ಸೊಸೆ ಒಳಗೆ ಹೋದ ಮೇಲೆ ಉಚ್ಚಂಗೆಮ್ಮ ಕಂಡಿಕೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.

ಮರುದಿನ ಮಧ್ಯಾಹ್ನ ಚಳ್ಳಕೆರೆಯ ಬಸ್ಸು ಮೊಳಕಾಲ್ಮೂರಿನಲ್ಲಿ ನಿಂತಾಗ ಪುಷ್ಪಲತಾ ನಿಲ್ದಾಣಕ್ಕೇ ಬಂದಿದ್ದಳು. ಸಿದ್ದೇಶ್ವರಿ ಜೊಲ್ಲು ಒರೆಸಿಕೊಳ್ಳುತ್ತ ಇಳಿದು ತಾಯಿಯ ಸೊಂಟಕ್ಕೆ ಮುಖ ಒತ್ತಿಕೊಂಡಳು.

"ಏನಂದ್ರು ಅತ್ತೆ?"

ಉಚ್ಚಂಗೆಮ್ಮ ಬಿಸಿಲಲ್ಲೇ ನಿಂತು ಹೇಳಿದಳು. ತಂತಿ ಕೂರಿಸುವಾಗ ಮಗು ಅತ್ತಿತು, ಡಾಕ್ಟರ ಬೆರಳು ಕಚ್ಚಿತು. ಅರ್ಧ ಲೋಟ ಹಾಲು ಕುಡಿದು ಅದನ್ನೂ ಉಗುಳಿತು. ನಾಲಗೆಯ ತುದಿ ಕೆಂಪಾಗಿದೆ, ನಾಲ್ಕು ದಿನ ಮಾತು ತೊದಲುತ್ತದೆ, ಹೆದರಬಾರದಂತೆ. ತಿಂಗಳಿಗೊಮ್ಮೆ ತೋರಿಸಬೇಕು. ತಡೆ ತೆಗೆದ ಮೇಲೆ ಅಭ್ಯಾಸ ಮರಳಿದರೆ ಹಲ್ಲೂ ಮರಳಬಹುದು, ಖಾತ್ರಿ ಕೊಡಲು ಆಗುವುದಿಲ್ಲ ಎಂದಿದ್ದಾರೆ. ಇಷ್ಟು ಹೇಳಿ ಒಮ್ಮೆ ಉಸಿರೆಳೆದುಕೊಂಡಳು.

"ಬರೋವಾಗ ನೋವು ತಡಿಲಾರ್ದೆ ಕಂಡಿಕೆ ಕೊಡಜ್ಜಿ ಅಂತ ಸನ್ನೆ ಮಾಡಿದ್ಲು. ನನ್ನತ್ರ ಇರ್ಲಿಲ್ಲ. ಇದ್ದಿದ್ರೆ ಏನು ಮಾಡ್ತಿದ್ನೋ ನಂಗೇ ಗೊತ್ತಿಲ್ಲ ಪುಷ್ಪ."

ಪುಷ್ಪಲತಾ ಅತ್ತೆಯ ಮುಖವನ್ನು ನೋಡಿದಳು. ಆಮೇಲೆ ಮಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಅತ್ತೆಯ ಕೈಚೀಲ ಇಸಿದುಕೊಂಡಳು.

"ನಡೀರಿ, ಊಟ ಆರ್ತೈತೆ" ಎಂದಳು.