ಗುಪ್ತಲಿಂಗಜ್ಜಯ್ಯನ ಕಟ್ಟೆಯ ಮೇಲೆ ಉಡಚಮ್ಮ

ಊರು ಉದ್ಧಾರವಾಗುತ್ತದೆ ಎಂಬ ಮಾತು ಕೇಳಿದರೆ ನಾನು ಈಗಲೂ ಎದ್ದು ಹೋಗುತ್ತೇನೆ. ಉದ್ಧಾರ ಬೇಡ ಅನ್ನುವವನಲ್ಲ ನಾನು. ದಾವಣಗೆರೆಯ ಧೂಳು ಕುಡಿದೇ ಬೆಳೆದವನಿಗೆ ಟಾರು ರಸ್ತೆ, ಚರಂಡಿ, ಬೀದಿದೀಪ ಯಾಕೆ ಬೇಡ? ಆದರೆ ನಮ್ಮ ಬೀದಿ ಉದ್ಧಾರವಾದದ್ದನ್ನು ಹೊಲಿಗೆ ಮಿಷನ್ನಿನ ಹಿಂದೆ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಅದರಲ್ಲಿ ಉಡಚಮ್ಮನಿಗೆ ಆದದ್ದನ್ನೂ ನೋಡಿದ್ದೇನೆ.

ಉಡಚಮ್ಮ ಹರಿಹರದ ಹೆಣ್ಣು. ಆಕೆಯ ಗಂಡ ಗುತ್ತೆಪ್ಪ ಹತ್ತಿ ಪೇಟೆಯಲ್ಲಿ ಹಮಾಲಿ. ಒಂದು ದಿನ ಹತ್ತಿ ತುಂಬಿದ ಅಂಡಿಗೆಯೊಂದು ಜಾರಿ ಸೊಂಟದ ಮೇಲೆ ಬಿದ್ದು ಆತ ಹಾಸಿಗೆ ಹಿಡಿದ. ಆಮೇಲೆ ಸಂಸಾರದ ಭಾರವೆಲ್ಲ ಆಕೆಯದೇ ಆಯಿತು. ಪೇಟೆಗೆ ಹೋಗುವ ನಮ್ಮ ಬೀದಿಯಲ್ಲಿ ಮಾವನ ಕಾಲದ ಒಂದು ತುಂಡು ಜಾಗವಿತ್ತು. ಕಾಗದ ಪತ್ರ ಏನೂ ಇರಲಿಲ್ಲ. ಅಲ್ಲೇ ನಾಲ್ಕು ತಗಡು ನಿಲ್ಲಿಸಿ, ಒಲೆ ಹೂಡಿ, ಖಾರಾಮಂಡಕ್ಕಿ ಮತ್ತು ಹಿಟ್ಟಿನಲ್ಲಿ ಕರಿದ ಬಿಸಿ ಮೆಣಸಿನಕಾಯಿ ಮಾರುತ್ತಿದ್ದಳು. ಹಮಾಲರು, ಲಾರಿಯವರು, ಹತ್ತಿ ತಂದ ರೈತರು ಆಕೆಯ ಬಾಣಲೆಯ ಸುತ್ತ ಮುತ್ತಿಕೊಂಡಿರುತ್ತಿದ್ದರು. ಓಣಿಯ ಬಾಯಲ್ಲಿದ್ದ ನನ್ನ ಅಂಗಡಿಗೆ ಆ ಘಾಟು ನುಗ್ಗಿ, ಹೊಲಿಯಲು ಬಂದ ಬಟ್ಟೆಗೆಲ್ಲ ಮೆಣಸಿನಕಾಯಿ ವಾಸನೆ ಹತ್ತುತ್ತಿತ್ತು. ನಾನು ಬೈಯುತ್ತಿದ್ದೆ. ಆಕೆ ಒಂದು ಪೊಟ್ಟಣ ಕಳಿಸಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಆಕೆಯ ಭಕ್ತಿಯೊಂದು ನನಗೆ ತಮಾಷೆಯಾಗಿತ್ತು. ಯಾವ ಕಲ್ಲಿಗೆ ಯಾರು ಕುಂಕುಮ ಹಚ್ಚಿದ್ದರೂ ಸರಿ, ಹಿಟ್ಟಿನ ಕೈಯಲ್ಲೇ ಮುಗಿದು ಮುಂದೆ ಹೋಗುವಳು. "ಮೈಲಿಗಲ್ಲಿಗೂ ಕೈ ಮುಗೀತಿಯೇನಮ್ಮಾ?" ಎಂದರೆ, "ಮುಗಿದ್ರೆ ನಂದೇನು ಸವದೋಗತೈತಣ್ಣ?" ಅನ್ನುವಳು.

ಐವತ್ತೆಂಟನೇ ಇಸವಿಯ ಸುಮಾರಿಗೆ ನಮ್ಮ ಕಡೆ ಪೇಟೆ ಸುಧಾರಣಾ ಸಮಿತಿ ಅಂತ ಒಂದು ಹುಟ್ಟಿತು. ಅದರ ಅಧ್ಯಕ್ಷ ಶಿವಮೂರ್ತಪ್ಪ ಮಾತಿನ ಮಲ್ಲ. ಗಿರಣಿ ಬಂದಿವೆ, ವ್ಯಾಪಾರ ಬೆಳೆಯುತ್ತಿದೆ, ಎರಡು ಲಾರಿ ಎದುರಾದರೆ ದಾಟಲು ಜಾಗವಿಲ್ಲ, ಈ ಬೀದಿ ಅಗಲವಾಗದೆ ಊರು ಮುಂದೆ ಬರುವುದಿಲ್ಲ ಎಂದು ಮೈಕಿನಲ್ಲಿ ಕೂಗಿದ. ಅದೇನೋ ಸತ್ಯವೇ. ಸರ್ವೆಯವರು ಬಂದು ಸರಪಳಿ ಎಳೆದು ಸುಣ್ಣದ ಗೆರೆ ಹಾಕಿದರು. ಗೆರೆ ನೆಟ್ಟಗೆ ಹೋಗಿ ವಾಮದೇವಪ್ಪನ ಹತ್ತಿ ಮಂಡಿಯ ಮೆಟ್ಟಿಲು ಮತ್ತು ಮುಂದಿನ ಕೋಣೆಯನ್ನು ನುಂಗಿತು. ಅದರ ಎದುರಿಗಿದ್ದ ಉಡಚಮ್ಮನ ತಗಡನ್ನು ಮುಟ್ಟಲಿಲ್ಲ. ಲಾರಿ ಹೆಚ್ಚಿದರೆ ಗಿರಾಕಿಯೂ ಹೆಚ್ಚುತ್ತಾರೆಂದು ಆಕೆ ಹಿಗ್ಗಿ, ದೊಡ್ಡದೊಂದು ಬಾಣಲೆ ಕೊಂಡಳು.

ವಾಮದೇವಪ್ಪ ಶಾಮನೂರಿನಲ್ಲಿ ಹೊಲ, ಪೇಟೆಯಲ್ಲಿ ಮಂಡಿ ಇದ್ದ ಸಾಹುಕಾರ. ಅಧ್ಯಕ್ಷರಿಗೆ ಬೀಗ ಬೇರೆ. ಆದರೆ ಗೆರೆ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತಲ್ಲ, ಸುಮ್ಮನೆ ಅಳಿಸುವಂತಿರಲಿಲ್ಲ. ಪೇಟೆಗೆ ರಜೆಯಿದ್ದ ಒಂದು ದಿನ ಆತನ ಮಂಡಿಯ ಮುಂದೆ ಮರೆಗೆ ಬಿದಿರಿನ ತಟ್ಟಿ ಕಟ್ಟಿದರು. ಒಳಗಿಂದ ಕರಣೆಯ ಸದ್ದು ಕೇಳುತ್ತಿತ್ತು. ಮಾರನೆಯ ದಿನ ತಟ್ಟಿ ಬಿಚ್ಚಿದರೆ, ಮೆಟ್ಟಿಲಿದ್ದ ಕಡೆ ಒಂದು ಕಟ್ಟೆ, ಕಟ್ಟೆಯ ನಡುವೆ ಒಂದು ಗದ್ದಿಗೆ! ಮೇಲೆ ವಿಭೂತಿ, ಬಿಲ್ವಪತ್ರೆ, ಉರಿಯುವ ದೀಪ. ಇಲ್ಲಿ ಒಬ್ಬ ಮಹಾತ್ಮರು ಐಕ್ಯರಾಗಿದ್ದಾರೆಂದು ವಾಮದೇವಪ್ಪನ ತಾತ ಹೇಳುತ್ತಿದ್ದರಂತೆ. ಈಗ ಆ ಮಹಾತ್ಮರೇ ಈತನ ಕನಸಿನಲ್ಲಿ ಬಂದು, ನನ್ನನ್ನು ತುಳಿಯಬೇಡಿ ಅಂದರಂತೆ. ಹೆಸರು ಗುಪ್ತಲಿಂಗಜ್ಜಯ್ಯನಂತೆ. ವಾಮದೇವಪ್ಪ ಇದನ್ನೆಲ್ಲ ಹೇಳುವಾಗ ಕಣ್ಣಲ್ಲಿ ನೀರೂ ಬಂತು. ಕದಿಯುವವರನ್ನು ಕಂಡಿದ್ದೇನೆ. ಸತ್ತ ಸ್ವಾಮಿಯ ಹೆಸರಲ್ಲಿ ರಸ್ತೆ ಕದ್ದವನನ್ನು ಅಂದೇ ಕಂಡದ್ದು.

ಗದ್ದಿಗೆ ಕಟ್ಟಿದ ಮೇಸ್ತ್ರಿ ಬಡೇಸಾಬ್ ಆ ವಾರ ಅಂಗಿ ಹೊಲಿಸಲು ಬಂದಿದ್ದ.

"ಒಳಗೆ ಒಡೆದ ಇಟ್ಟಿಗಿ, ಹಳೇ ಗಾರೆ. ಇನ್ನೇನೂ ಇಲ್ಲಣ್ಣ," ಎಂದ. "ನನ್ನ ಹೆಸರು ಎಲ್ಲೂ ತೆಗೀಬ್ಯಾಡ. ಹೊಟ್ಟಿಪಾಡು."

ಇತ್ತ ಆ ಗದ್ದಿಗೆಗೆ ಮೊದಲ ಕಾಯಿ ಒಡೆದವಳು ಯಾರೆಂದರೆ ನಮ್ಮ ಉಡಚಮ್ಮ. ಆಕೆ ಅಡ್ಡಬಿದ್ದದ್ದು ಕಂಡು ಹಮಾಲರು ಅಡ್ಡಬಿದ್ದರು, ಹಮಾಲರನ್ನು ಕಂಡು ರೈತರು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಸಾಹುಕಾರರ ಮಾತೊಂದೇ ಸಾಲದು, ಇದರಲ್ಲಿ ಲಾಭ ನಷ್ಟವಿಲ್ಲದ ನೆರೆಯವರೊಬ್ಬರು ಹೇಳಬೇಕು ಎಂದ. ಎದುರಿಗೇ ಇದ್ದವಳು ಉಡಚಮ್ಮ.

"ಗದ್ದಿಗೆ ಮೊದಲಿನಿಂದ ಇದೆಯೇನಮ್ಮಾ?"

"ನಾನು ಕಂಡಿಲ್ರಿ ಸಾಹೇಬ್ರೆ. ಅಲ್ಲಿ ಮೆಟ್ಲಿದ್ವು."

"ಹಾಗಾದರೆ ಇದು ಸುಳ್ಳು ಅನ್ನು."

ಆಕೆ ಜಾಲರಿ ಸೌಟನ್ನು ಬಾಣಲೆಯ ಅಂಚಿಗಿಟ್ಟಳು. ಗದ್ದಿಗೆಯ ಕಡೆ ನೋಡಿದಳು. "ಅಜ್ಜಯ್ಯ ಇಲ್ಲ ಅನ್ನಾಕೆ ನಾನ್ಯಾರ್ರಿ? ನೆಲದಾಗ ಇದ್ದೋರು ನನ್ನ ಕಣ್ಣಿಗೆ ಹೆಂಗೆ ಕಾಣಬೇಕು? ಅಷ್ಟು ದೊಡ್ಡೋರು ಹೇಳ್ತಾರಂದ್ರೆ ಇರ್ತಾನೆ ಬಿಡ್ರಿ."

ಅಧಿಕಾರಿಗೆ ಅಷ್ಟೇ ಸಾಕಿತ್ತು. ಗದ್ದಿಗೆಗೆ ಬಿಟ್ಟ ಜಾಗವನ್ನು ತನ್ನ ತಗಡಿನ ಕಡೆ ಕಡಿದು ತುಂಬಿಸುತ್ತಾರೆಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ, ಹೇಳಬೇಕೆಂದು ಆತನಿಗೂ ಅನಿಸಲಿಲ್ಲ. ವಾರ ಕಳೆಯುವುದರೊಳಗೆ ಸುಣ್ಣದ ಗೆರೆ ಗದ್ದಿಗೆಯನ್ನು ಬಳಸಿ ಸೊಟ್ಟಗೆ ಬಂದು ಉಡಚಮ್ಮನ ಒಲೆಯ ಮೇಲೆ ಹಾಯಿತು.

"ನಂದು ಗೆರಿ ಆಚಿಗೆ ಐತೆ ಅಂದಿದ್ರಲ್ರಿ," ಎಂದಳು.

"ಅಜ್ಜಯ್ಯನಿಗೆ ಜಾಗ ಬಿಡಬೇಕಲ್ಲಮ್ಮ. ಇದ್ದಾನೆ ಅಂತ ನೀನೇ ಹೇಳಿದೀಯ," ಎಂದ ಸರ್ವೆಯವನು.

ನನಗೆ ಮೈಯೆಲ್ಲ ಉರಿಯಿತು. ಆಕೆಯನ್ನು ಪಕ್ಕಕ್ಕೆ ಕರೆದು ಬಡೇಸಾಬ್ ಹೇಳಿದ್ದನ್ನು ಹೇಳಿಬಿಟ್ಟೆ. ಹೋಗಿ ಆ ಅಧಿಕಾರಿಯ ಮುಂದೆ ಹೇಳು, ನಾನೂ ಬರುತ್ತೇನೆ ಎಂದೆ. ಆಕೆ ಎರಡೂ ಕಿವಿ ಮುಚ್ಚಿಕೊಂಡಳು. "ಅಂಗನ್ನಬ್ಯಾಡಣ್ಣ. ಅಜ್ಜಯ್ಯ ಕೇಳಿಸ್ಕಂತಾನೆ."

ವಾಮದೇವಪ್ಪನ ಮೇಲೆ ಬಂದಷ್ಟೇ ಸಿಟ್ಟು ಆ ಹೊತ್ತು ಆಕೆಯ ಮೇಲೂ ಬಂತು.

ತಗಡು ಕಿತ್ತರು. ಒಲೆ ಒಡೆದರು. ಕಾಗದವಿಲ್ಲದ ಜಾಗಕ್ಕೆ ಪರಿಹಾರವೂ ಇಲ್ಲವೆಂದರು. ಆಕೆ ಬುಟ್ಟಿಯಲ್ಲಿ ಮಂಡಕ್ಕಿ ಹೊತ್ತು ಬೀದಿಯಲ್ಲಿ ನಿಂತರೆ ಸಮಿತಿಯ ಜವಾನ ಬಂದು, ಹೊಸ ರಸ್ತೆಯನ್ನು ಹೊಲಸು ಮಾಡಬೇಡ ಎಂದು ಓಡಿಸುತ್ತಿದ್ದ. ಮನೆಯಲ್ಲಿ ಗುತ್ತೆಪ್ಪ ಗಂಜಿಗೆ ಬಾಯಿಬಿಟ್ಟುಕೊಂಡು ಮಲಗಿದ್ದ. ನನ್ನ ಹೆಂಡತಿ ಆಗಾಗ ರೊಟ್ಟಿ ಕಳಿಸಿದರೆ, ಉಡಚಮ್ಮ ತೆಗೆದುಕೊಳ್ಳುವಾಗ ತಲೆಯೆತ್ತುತ್ತಿರಲಿಲ್ಲ.

ರಸ್ತೆ ಉದ್ಘಾಟನೆಯ ದಿನ ಬಾಳೆಕಂಬ, ತೋರಣ, ಮೈಕು. ಪ್ರಗತಿಯನ್ನೂ ಧರ್ಮವನ್ನೂ ಒಟ್ಟಿಗೆ ಉಳಿಸಿದ ಮಹನೀಯರೆಂದು ಶಿವಮೂರ್ತಪ್ಪ ತನ್ನ ಬೀಗನಿಗೇ ಹಾರ ಹಾಕಿದ. ಬೀಗ ನಾಚಿದವನಂತೆ ತಲೆ ತಗ್ಗಿಸಿದ. ಜನ ಚಪ್ಪಾಳೆ ತಟ್ಟಿದರು. ನಾನು ಹೊಸ ಚರಂಡಿಗೆ ಉಗುಳಿ ಒಳಗೆ ಹೋದೆ. ಆ ಚರಂಡಿ ನನಗೆ ಆವರೆಗೆ ಬಂದದ್ದು ಅದೊಂದೇ ಉಪಯೋಗಕ್ಕೆ.

ಅಜ್ಜಯ್ಯನ ವ್ಯಾಪಾರ ಮಾತ್ರ ಜೋರಾಯಿತು. ಸೋಮವಾರ ಬಂತೆಂದರೆ ಕಟ್ಟೆಯ ಮುಂದೆ ಜನವೋ ಜನ. ಹುಂಡಿ ಬಂತು. ಮಂಡಿಯ ಜಗುಲಿಯಲ್ಲೇ ವಾಮದೇವಪ್ಪ ಕಾಯಿ, ಕರ್ಪೂರ ಮಾರಿಸತೊಡಗಿದ. ಇದನ್ನು ನೋಡುತ್ತ ಕೂತರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅಂಥ ಒಂದು ಸೋಮವಾರ ಉಡಚಮ್ಮ ಬಂದಳು. ತಲೆಯ ಮೇಲೆ ಬಾಣಲೆ, ಕಂಕುಳಲ್ಲಿ ಕಬ್ಬಿಣದ ಒಲೆ. ನೆಟ್ಟಗೆ ಹೋಗಿ ಗದ್ದಿಗೆಯ ಪಕ್ಕ, ಕಟ್ಟೆಯ ಮೇಲೆ ಕೂತು ಒಲೆ ಹೊತ್ತಿಸಿದಳು. ಜವಾನ ಓಡಿ ಬಂದ. ಅವನ ಹಿಂದೆ ವಾಮದೇವಪ್ಪ.

"ಯಾರು ನಿನಗೆ ಇಲ್ಲಿ ಕೂಡ್ರಾಕೆ ಹೇಳ್ದೋರು? ಏಳು ಮ್ಯಾಲೆ."

"ಅಜ್ಜಯ್ಯ ಹೇಳ್ಯಾನ್ರಿ ಸಾವ್ಕಾರ್ರೆ," ಎಂದಳು ಉಡಚಮ್ಮ. ದನಿ ಏರಿಸಲಿಲ್ಲ. "ಕನಸಿನಾಗ ಬಂದಿದ್ದ. ನನ್ನ ಸಲುವಾಗಿ ನಿನ್ನ ಜಾಗ ಹೋತು, ನನ್ನ ಕಟ್ಟಿ ಮ್ಯಾಲೆ ಕೂತು ಬಂದೋರಿಗೆ ಏನಾರ ತಿನ್ನಾಕೆ ಕೊಡು ಅಂದ. ನಿಮ್ಮ ಕನಸಿಗೆ ಬಂದೋನೇ ಬಂದಿದ್ದು."

ವಾಮದೇವಪ್ಪ ಸುತ್ತ ನಿಂತ ಜನವನ್ನು ನೋಡಿದ. ಈಕೆಯ ಕನಸು ಸುಳ್ಳೆಂದರೆ ತನ್ನ ಕನಸಿನ ಗತಿಯೇನು? ಅಷ್ಟರಲ್ಲಿ ಯಾರೋ ಮುದುಕಿ ಉಡಚಮ್ಮನ ಕಾಲಿಗೇ ಬಿದ್ದಳು. ಕೊನೆಗೆ ಸಾಹುಕಾರ ಕೈ ಮುಗಿದು, "ಅಜ್ಜಯ್ಯನ ಇಚ್ಛೆ," ಎಂದು ಒಳಗೆ ಹೋದ. ಮೊದಲ ಬಾಣಲೆಯದನ್ನು ಆಕೆ ಪ್ರಸಾದವೆಂದು ಹಂಚಿದಳು. ಆಮೇಲಿನದಕ್ಕೆ ಎಂದಿನ ದರ.

ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು. ಸಂಜೆ ಜನ ಕರಗಿದ ಮೇಲೆ ಹೋಗಿ, "ಭಲೇ ಉಡಚಮ್ಮ! ಅಂತೂ ನಿನ್ನ ಕನಸಿಗೂ ಬಂದನಲ್ಲ ಅಜ್ಜಯ್ಯ," ಎಂದೆ.

ಆಕೆ ನಗಲಿಲ್ಲ. ಒಂದು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು.

"ಎಲ್ಲಿ ಕನಸಣ್ಣ. ಹಸಿದೋರಿಗೆ ನಿದ್ದೀನೇ ಬರಲ್ಲ. ಸುಳ್ಳು ಹೇಳ್ದೆ. ಆತನ ಮಗ್ಗಲಾಗ ಕೂತೇ ಹೇಳ್ದೆ. ಹೇಳಿ, ಈಗ ನಾಲಿಗಿ ಬಿದ್ದೋಗತೈತೆ, ಈಗ ಕೈ ಸೆಟದೋಗತೈತೆ ಅಂತ ಕಾದೆ. ಸಂಜಿಗಂಟ ಕಾದೆ. ಏನೂ ಆಗ್ಲಿಲ್ಲ." ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದಳು. "ನೀ ಹೇಳಿದ್ದೇ ಸರಿ. ಒಳಗೆ ಯಾರೂ ಇಲ್ಲ."

ಜಾಗ ಸಿಕ್ಕಿತಲ್ಲ, ಅಷ್ಟು ಸಾಕು ಬಿಡು ಎಂದೆ ನಾನು.

"ಅಜ್ಜಯ್ಯ ಇದ್ದಿದ್ರೆ ಚೊಲೋ ಇತ್ತಣ್ಣ," ಎಂದಳು. "ನನ್ನ ಜಾಗ ಹೋದ್ರೂ ಆತಗೆ ಹೋತು ಅನ್ಕಂಡಿದ್ದೆ."