ಗಾಜಿನ ಪೆಟ್ಟಿಗೆ ಒಲ್ಲದ ಉಕ್ಕು

ಕಾರ್ಖಾನೆಯ ಸದ್ದನ್ನೇ ಸಂಗೀತವಾಗಿಸುವ ಇಂಡಸ್ಟ್ರಿಯಲ್ ರಾಕ್ ಎಂದರೆ ಬರೀ ಗದ್ದಲವೆಂದು ಮೂಗು ಮುರಿದವರೇ ಮುಂದೆ ಟಿಕೆಟ್ಟಿಗಾಗಿ ಸಾಲುಗಟ್ಟಿ ನಿಂತದ್ದನ್ನು ಜರ್ಮನಿಯ ನಮ್ಮ ಉಕ್ಕಿನೂರು ಡ್ಯೂಸ್‌ಬುರ್ಗ್ ಕಂಡಿದೆ. ಅದರ ಬಹುಪಾಲು ಶ್ರೇಯಸ್ಸು ನಮ್ಮ ‘ಶ್ಲಾಕೆ’ ತಂಡದ ಡ್ರಮ್ ವಾದಕರಾದ ಶ್ರೀ ಹಾರ್ಟ್‌ಮುಟ್ ಯಾಂಕೋವ್ಸ್ಕಿ ಅವರಿಗೆ ಸಲ್ಲಬೇಕು. ಎಪ್ಪತ್ತು ತುಂಬಿದ ಈ ಹೊತ್ತಿನಲ್ಲಿ ಅವರು ವೇದಿಕೆಯಿಂದ ನಿವೃತ್ತರಾಗುತ್ತಿದ್ದಾರೆ, ಜಗಳಗಂಟತನದಿಂದಲ್ಲ.

ಹಗಲು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುತ್ತಿದ್ದ ಅವರು, ಕಾರ್ಖಾನೆ ಬಿಸಾಕಿದ್ದ ಉಕ್ಕಿನ ಹಲಗೆಯೊಂದನ್ನು ಸರಪಳಿಯಲ್ಲಿ ತೂಗುಹಾಕಿ ಸುತ್ತಿಗೆಯಿಂದ ಬಾರಿಸತೊಡಗಿದರು. ತಾಳಕ್ಕೆ ಡ್ರಮ್ ಯಂತ್ರವೇ ಸಾಕೆಂದ ಆಲ್ಬಂ ನಿರ್ಮಾಪಕರಿಗೆ, “ಯಂತ್ರಗಳ ಜೊತೆಗೇ ಹೊಟ್ಟೆ ಹೊರೆದೋನು ನಾನು. ತಂದು ಪಕ್ಕದಲ್ಲಿ ಕೂರ್ಸಿ, ಯಾರು ಮೊದಲು ಸುಸ್ತಾಗ್ತಾರೋ ನೋಡೋಣ” ಎಂದಿದ್ದರು.

ಕಾರ್ಖಾನೆ ಮುಚ್ಚಿದ ದಿನ, ಕಾರ್ಮಿಕರು ಸದ್ದಿಲ್ಲದೆ ಹಿಂಬಾಗಿಲಿನಿಂದ ಹೊರಡಬೇಕೆಂದು ಆಡಳಿತ ಮಂಡಳಿ ಅಪ್ಪಣೆ ಮಾಡಿತ್ತು. ಹಾರ್ಟ್‌ಮುಟ್ ಅವರು ಹಲಗೆಯನ್ನು ಹೆಬ್ಬಾಗಿಲಿಗೇ ತಂದು ನೇತುಹಾಕಿ, ಒಬ್ಬೊಬ್ಬರ ಹೆಸರನ್ನೂ ಕೂಗಿ, ಒಬ್ಬೊಬ್ಬರಿಗೂ ಒಂದು ಪೆಟ್ಟು ಹೊಡೆದರು. ತಲೆ ತಗ್ಗಿಸಿ ಬರುತ್ತಿದ್ದವರು ತಮ್ಮ ಹೆಸರು ಕೇಳಿ ತಲೆಯೆತ್ತಿ ನಡೆದರು. ಕ್ರೇನು ನಡೆಸುತ್ತಿದ್ದ ಜೀಗ್ರುನ್ ಅವರಂತೂ ಇನ್ನೊಮ್ಮೆ ಕರೆಸಿಕೊಳ್ಳಲೆಂದು ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು. ಕೊನೆಗೆ ಉಳಿದವರು ಹಾರ್ಟ್‌ಮುಟ್ ಒಬ್ಬರೇ. ತಮ್ಮ ಹೆಸರಿಗೆ ತಾವೇ ಹೊಡೆದುಕೊಳ್ಳುವುದು ಸರಿಯಲ್ಲವೆಂದು ಸುತ್ತಿಗೆ ಕೆಳಗಿಟ್ಟರು.

ಈಗ ಅವರ ಭುಜ ಸವೆದಿದೆ. ಸುತ್ತಿಗೆ ಎತ್ತಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಸುದ್ದಿ ತಿಳಿದ ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬರು ಕಳೆದ ತಿಂಗಳು ತಾಲೀಮಿನ ಕೋಣೆಗೆ ಬಂದು ಹಲಗೆಯನ್ನು ಕೇಳಿದರು.

“ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಯಾರೂ ಮುಟ್ಟದ ಹಾಗೆ ನೋಡ್ಕೋತೀವಿ.”

“ಅದಕ್ಕೇ ಕೊಡಲ್ಲ ಅಂತಿರೋದು,” ಎಂದರು ಹಾರ್ಟ್‌ಮುಟ್. “ಹೋಗಿರೋದು ನನ್ನ ಭುಜ ಸ್ವಾಮಿ, ಉಕ್ಕಿಗೇನಾಗಿದೆ? ಪಕ್ಕದಲ್ಲಿ ಸುತ್ತಿಗೆ ಇಟ್ಟು, ಬಂದೋರಿಗೆಲ್ಲ ಹೊಡೆಯೋಕೆ ಬಿಡ್ತೀರಾದ್ರೆ ಇವತ್ತೇ ಒಯ್ಯಿರಿ.”

“ಜನ ಕಿವಿ ನೋವು ಅಂತ ದೂರ್ತಾರೆ.”

“ದೂರಲಿ.”

ಅಧಿಕಾರಿ ಬರಿಗೈಲಿ ಹೋದರು. ಮೂಲೆಯಲ್ಲಿ ಕೂತಿದ್ದ ಜೀಗ್ರುನ್, ಈಗ ಎಂಬತ್ತರ ಅಜ್ಜಿ, ಬಿಯರ್ ಬಾಟಲಿ ಕೆಳಗಿಟ್ಟು ಸುತ್ತಿಗೆ ಎತ್ತಿಕೊಂಡರು. “ಆವತ್ತು ನಿನ್ನ ಹೆಸರು ಯಾರೂ ಕೂಗ್ಲಿಲ್ಲ ಕಣೋ,” ಎಂದವರೇ, “ಹಾರ್ಟ್‌ಮುಟ್ ಯಾಂಕೋವ್ಸ್ಕಿ” ಎಂದು ಕೂಗಿ ಎರಡೂ ಕೈಯಿಂದ ಹೊಡೆದರು. ಕಿಟಕಿಗಳು ಅದುರಿದವು. ನಮ್ಮೆಲ್ಲರ ಕಣ್ಣು ತುಂಬಿತ್ತು.

ಹಾರ್ಟ್‌ಮುಟ್ ಮೂಗೊರೆಸಿಕೊಂಡು, “ಮೆತ್ತಗಾಯ್ತು,” ಎಂದರು. “ಇನ್ನೊಂದು ಹೊಡಿ.”

ಅಂದಿನಿಂದ ಪ್ರತಿ ಶನಿವಾರ ನಾವು ಸರದಿಯ ಮೇಲೆ ಬಾರಿಸುತ್ತೇವೆ, ಅವರು ಕುರ್ಚಿಯಲ್ಲಿ ಕೂತು ಬೈಯುತ್ತಾರೆ. ಅವರು ನೂರ್ಕಾಲ ಹೀಗೆಯೇ ಬೈಯುತ್ತಿರಲಿ.