ಜೆಸಿಂತಕ್ಕನ ಸಮೀಕರಣ

ಶನಿವಾರ ಮಧ್ಯಾಹ್ನ ಮಗಳು ಹೋಮ್‌ವರ್ಕಿಗೆಂದು ಪೆನ್ಸಿಲ್ ಕೆತ್ತುತ್ತಿದ್ದಳು. ಆ ಮರದ ವಾಸನೆ ಮೂಗಿಗೆ ಬಡಿದದ್ದೇ ಜೆಸಿಂತಕ್ಕ ನೆನಪಾದರು. ಕಂಪ್ಯೂಟರು ತುಂಬಿದ ನಮ್ಮ ಆಫೀಸಿನಲ್ಲಿ ಪೆನ್ಸಿಲ್ ಹಿಡಿದು ಕೂರುತ್ತಿದ್ದವರು ಅವರೊಬ್ಬರೇ.

ದುಬೈಯ ಸಿಲಿಕಾನ್ ಓಯಸಿಸ್‌ನ ಸಣ್ಣ ಕಂಪನಿ ಅದು. ಮಾಡುತ್ತಿದ್ದುದು ಇನ್ನೂ ಸಣ್ಣ ವಸ್ತು: ಕೂದಲಿಗಿಂತ ತೆಳ್ಳಗಿನ ಎರಡು ಪಟ್ಟಿಗಳ ಸೆನ್ಸರು. ವಿದ್ಯುತ್ ಕೊಟ್ಟರೆ ಮೇಲಿನ ಪಟ್ಟಿ ಕೆಳಗಿನದರತ್ತ ಬಾಗುತ್ತದೆ. ಹತ್ತಿರವಾದಷ್ಟೂ ಸೆಳೆತ ಜಾಸ್ತಿ. ಒಂದು ಮಿತಿ ದಾಟಿತೋ, ಪಟಕ್ಕನೆ ಅಂಟಿಕೊಂಡು ಹಾಳಾಗುತ್ತದೆ. ಆ ಮಿತಿ ಎಷ್ಟು ವೋಲ್ಟು ಎಂದು ಮೊದಲೇ ಲೆಕ್ಕಹಾಕಿ ಹೇಳುವುದು ನಮ್ಮಿಬ್ಬರ ಕೆಲಸ.

ಜೆಸಿಂತಕ್ಕ ಮಂಗಳೂರಿನ ಕಾಲೇಜಿನಲ್ಲಿ ಗಣಿತ ಕಲಿಸಿ, ಗಂಡ ತೀರಿಕೊಂಡ ಮೇಲೆ ಬಂದವರು. ಕರಾಮದ ಹಳೇ ಫ್ಲ್ಯಾಟಿನಲ್ಲಿ ಒಂದು ಕೋಣೆ. ಸೋಮವಾರ ನನಗೂ ಒಂದು ಡಬ್ಬಿ ಇಡ್ಲಿಯಂಥ ಸಣ್ಣಾಸ್ ತರುತ್ತಿದ್ದರು. ನಾನು ನಾಚಿಕೆಯಿಲ್ಲದೆ ತಿನ್ನುತ್ತಿದ್ದೆ. ಆ ಸೆಳೆತದ, ಸರಳರೇಖೆಗೆ ಒಗ್ಗದ ಅವಕಲ ಸಮೀಕರಣವನ್ನು ಅವರು ಕಾಗದದಲ್ಲಿ ಬರೆಯುವರು, ನಾನು ಕಂಪ್ಯೂಟರಿಗೆ ಕೊಡುವೆ.

ಒಂದು ಗುರುವಾರ ಏನು ಮಾಡಿದರೂ ಉತ್ತರ ಬರಲಿಲ್ಲ. ಅಂದು ಸಂಜೆ ನನ್ನ ಹೆಂಡತಿ ಮೊದಲ ಸಲ ದುಬೈಗೆ ಬಂದಿಳಿಯುವವಳಿದ್ದಳು. ಸೆಳೆತ ಏರುವ ಭಾಗವನ್ನೇ ತೆಗೆದುಹಾಕಿ, ಅದು ಯಾವಾಗಲೂ ಒಂದೇ ಎಂದು ಬರೆದೆ. ಉತ್ತರ ತಕ್ಷಣ ಬಂತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅಕ್ಕ ನನ್ನನ್ನು ನಂಬಿ ವರದಿಗೆ ಸಹಿ ಹಾಕಿದರು.

ಪರೀಕ್ಷೆಯಲ್ಲಿ, ವರದಿ ಹೇಳಿದ ಮಿತಿಗಿಂತ ಮೊದಲೇ, ಸೆನ್ಸರುಗಳು ಒಂದರ ಹಿಂದೊಂದು ಅಂಟಿಕೊಂಡವು. ಮ್ಯಾನೇಜರು ನೋಡಿದ್ದು ಸಹಿಯನ್ನು ಮಾತ್ರ. ಅಕ್ಕ ನನ್ನ ಫೈಲು ತೆರೆದು ನೋಡಿ, ಮೆಲ್ಲನೆ ಮೇಜಿನ ಬಳಿ ಬಂದು ನಿಂತರು.

"ಇದು ನಾನು ಬರೆದದ್ದಲ್ಲ ಮಾರಾಯ. ನೀನೇ ಹೋಗಿ ಹೇಳ್ತಿಯಲ್ಲ?"

ನಾಳೆ ಹೇಳುತ್ತೇನೆಂದೆ. ನಾಳೆ ಹೇಳಲಿಲ್ಲ, ನಾಡಿದ್ದೂ ಇಲ್ಲ. ವೀಸಾ, ಹೊಸ ಮನೆ, ಆಗಷ್ಟೇ ಬಂದ ಹೆಂಡತಿ. ನೀವೇ ಹೇಳಿ, ಹೇಡಿಗೆ ಕಾರಣಗಳ ಬರವೇ? ಅವರೂ ನನ್ನ ಹೆಸರೆತ್ತಲಿಲ್ಲ. ಆ ವಾರವೇ ಅವರ ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆಯಿತು. ವಿಮಾನ ನಿಲ್ದಾಣಕ್ಕೆ ಬೀಳ್ಕೊಡಲೂ ನಾನು ಹೋಗಲಿಲ್ಲ.

"ವಾಟ್ ಹ್ಯಾಪನ್ಡ್, ಪಪ್ಪಾ?" ಎಂದಳು ಮಗಳು, ಕೆತ್ತಿದ ಪೆನ್ಸಿಲ್ ಕೆಳಗಿಟ್ಟು. ನಾನು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು, ಪರಿಚಯದವರಿಂದ ನಂಬರು ಪಡೆದು ಅಕ್ಕನಿಗೆ ಫೋನು ಮಾಡಿದೆ. ಅವರೇ ಎತ್ತಿದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ. ಕೇಳಿದ್ದು ಇಷ್ಟೇ:

"ಅಂಟಿದ್ದು ಎಷ್ಟು ವೋಲ್ಟಿಗೆ? ನಂಗೆ ಯಾರೂ ಹೇಳ್ಲಿಲ್ಲ."

"ಮೂವತ್ತೆಂಟಕ್ಕೆ, ಅಕ್ಕ."

"ಹೌದಾ. ಊರಿಗೆ ಬಂದು ಕೂತು ಕೈಯಲ್ಲೇ ಲೆಕ್ಕ ಮಾಡಿದ್ದೆ. ನಂಗೂ ಮೂವತ್ತೆಂಟೇ ಬಂತು. ಸರಿಯಾ ಅಂತ ಕೇಳ್ಲಿಕ್ಕೆ ಯಾರೂ ಇರ್ಲಿಲ್ಲ."

ಫೋನು ಇಟ್ಟರು. ಅವರ ಕೆಲಸ ಹೋದದ್ದು ನನ್ನಿಂದ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಆ ಒಂದು ಸಂಖ್ಯೆಗಾಗಿ ಅವರು ಕಾಯುತ್ತಿದ್ದರೆಂದು ನನಗೆ ಹೊಳೆದೇ ಇರಲಿಲ್ಲ.